ಒಂದು ಹಿಡಿ ಗೋಧಿಹಿಟ್ಟು

ನನ್ನ ನಾಲಿಗೆ ಸ್ವಲ್ಪ ಉದ್ದ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ಯಾಕೆಂದರೆ ಅಂದು ನಡೆದದ್ದಕ್ಕೆ ಅತ್ತೆಯೇ ಕಾರಣ ಎಂದು ಮನೆಯವರೆಲ್ಲ ಇಂದಿಗೂ ನಂಬಿದ್ದಾರೆ.

ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಾರಾಯಣಗೂಡದ ಬಾಡಿಗೆ ಮನೆಯಿಂದ ನಾನೂ ಗಂಡನೂ ಬೆಳಿಗ್ಗೆ ಕಂಪನಿಯ ಕ್ಯಾಬ್ ಹತ್ತಿಬಿಡುತ್ತಿದ್ದೆವು. ಐದು ವರ್ಷದ ಮಗಳನ್ನು ನೋಡಿಕೊಳ್ಳಲು ಅತ್ತೆ ಕಲಬುರಗಿ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗೇ ಇದ್ದರು. ಮಗುವಿಗೆ ಸದಾ ಭೇದಿ, ಹೊಟ್ಟೆ ಉಬ್ಬರ, ಕೈಕಾಲು ಕಡ್ಡಿಯಾಗಿದ್ದವು. ನಾಲ್ಕು ಡಾಕ್ಟರನ್ನು ಕಂಡ ಮೇಲೆ ಐದನೆಯವರು ಪರೀಕ್ಷೆಗಳನ್ನು ಮಾಡಿಸಿ, ಗೋಧಿಯಲ್ಲಿರುವ ಗ್ಲುಟನ್ ಇವಳ ಕರುಳಿಗೆ ಆಗುವುದಿಲ್ಲ ಎಂದರು. ಚಪಾತಿ, ಬಿಸ್ಕತ್ತು, ರವೆ ಎಲ್ಲ ಬಂದ್, ಬದುಕಿರುವವರೆಗೂ.

ನಾನು ಅಳುತ್ತಾ ಕೂತೆ. ಅತ್ತೆಗೆ ಮಾತ್ರ ಎಲ್ಲಿಲ್ಲದ ಹುರುಪು. "ಗೋದಿ ಹೋದ್ರ ಹೋಗ್ಲಿ, ನಮ್ಮ ಜ್ವಾಳ ಐತಲ್ಲ" ಎಂದರು. ನಿಜವೇ. ಚಪಾತಿ ನಮ್ಮ ಮನೆಗೆ ಬಂದದ್ದೇ ಈ ಕೆಲಸಗಳ ಜೊತೆ. ಅದಕ್ಕೂ ಮೊದಲು ಮೂರು ಹೊತ್ತೂ ರೊಟ್ಟಿಯೇ. ಊರಿನಲ್ಲಿ ಮದುವೆಯೆಂದರೆ ರೊಟ್ಟಿ ಬಡಿಯಲು ಅತ್ತೆಗೇ ಮೊದಲು ಕರೆ ಬರುತ್ತಿತ್ತಂತೆ.

ಆದರೆ ಇಲ್ಲಿ ಸಿಗುತ್ತಿದ್ದದ್ದು ಹಳೆಯ ಜೋಳ. ಹಿಟ್ಟಿನಲ್ಲಿ ಜಿಗಿ ಇಲ್ಲ, ಅಂಟು ಸಾಲದು. ಎಷ್ಟು ಕುದಿನೀರು ಹಾಕಿ ನಾದಿದರೂ ಅಂಚು ಸೀಳುತ್ತಿತ್ತು, ಹಂಚಿಗೆ ಹಾಕುವಷ್ಟರಲ್ಲಿ ಎರಡಾಗುತ್ತಿತ್ತು. ಊಟಕ್ಕೆ ಕೂತಾಗ ನಾನು, ಇದೇನು ಅತ್ತಿ, ರೊಟ್ಟಿಯೋ ಹೈದರಾಬಾದಿನ ರಸ್ತೆಯೋ ಎಂದೆ. ಅವರೂ ನಕ್ಕರು. ನಕ್ಕರಲ್ಲ ಎಂದು ಆ ಮಾತನ್ನು ದಿನಾ ಆಡಿದೆ.

ಕೆಲವು ದಿನಗಳಲ್ಲಿ ರೊಟ್ಟಿ ತೆಳ್ಳಗೆ, ದುಂಡಗೆ, ಒಂದೂ ಬಿರುಕಿಲ್ಲದೆ ಬರತೊಡಗಿತು. ಈಗ ಕೈ ಕುದುರಿತು ನೋಡ್ರಿ ಎಂದು ಹೊಗಳಿದೆ.

ಅಷ್ಟರಲ್ಲಿ ಚೇತರಿಸಿಕೊಳ್ಳುತ್ತಿದ್ದ ಮಗು ಮತ್ತೆ ಸೊರಗಿತು. ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಸಾಧ್ಯವೇ ಇಲ್ಲ ಎಂದು ಆಣೆ ಮಾಡಿದೆ. ಹಾಗಾದರೆ ಶಾಲೆಯಲ್ಲೇ, ಯಾರದೋ ಡಬ್ಬಿಯಿಂದಲೇ ಇರಬೇಕು. ಮನೆಗೆ ಬಂದು ಮಗಳನ್ನು ನಿಲ್ಲಿಸಿ ಕೇಳಿದೆ. "ನಾ ತಿಂದಿಲ್ಲ ಮಮ್ಮಿ" ಎಂದಳು. ಸುಳ್ಳು ಬೇರೆ ಹೇಳ್ತೀಯಾ ಎಂದು ಎರಡೇಟು ಹಾಕಿದೆ. ಅತ್ತೆ ಅಡ್ಡ ಬಂದು ಅವಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಒಂದು ಭಾನುವಾರ ಬೆಳಿಗ್ಗೆ ಚಹಾಕ್ಕೆಂದು ಅಡುಗೆಮನೆಗೆ ಹೋದೆ. ಅತ್ತೆ, ನನ್ನ ಗಂಡನ ಊಟದ ಡಬ್ಬಿಯ ಚಪಾತಿಗೆಂದು ಬೇರೆಯೇ ತಂದಿಟ್ಟಿದ್ದ ಗೋಧಿಹಿಟ್ಟಿನಿಂದ ಒಂದು ಹಿಡಿ ತೆಗೆದು ಜೋಳದ ಹಿಟ್ಟಿಗೆ ಬೆರೆಸುತ್ತಿದ್ದರು. ನನ್ನ ಮುಖ ನೋಡಿ ಅವರಿಗೇ ಗಾಬರಿಯಾಯಿತು.

"ಜಿಗಿ ಬರ್ಲಿ ಅಂತ ಯವ್ವಾ. ಒಂದ ಹಿಡಿ. ಚಪಾತಿ ಏನ ಕೊಟ್ಟಿಲ್ಲ ನಾ."

ಅವರ ಲೆಕ್ಕದಲ್ಲಿ ಅದು ಗೋಧಿ ತಿನ್ನಿಸಿದಂತೆಯೇ ಅಲ್ಲ. ಹಿಟ್ಟು ಒಡೆಯದಿರಲೆಂದು ಹಾಕುವ ಒಂದು ಹಿಡಿ, ಸಾರಿಗೆ ಹಾಕುವ ಉಪ್ಪಿದ್ದಂತೆ. ಆ ಹಿಡಿಯಲ್ಲಿದ್ದ ಜಿಗಿಯೇ ಮಗುವಿಗೆ ವಿಷ ಎಂದು ನಾನು ಕೂಗಾಡಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಹಿಟ್ಟು ಮೆತ್ತಿದ ಕೈಗಳನ್ನು ನೋಡಿಕೊಂಡರು. "ಹಂಗಾದ್ರ ನನ್ನ ಕೈಲೇ ಆತಲ್ಲ" ಎಂದರು, ಅಷ್ಟೇ.

ಆಮೇಲೆ ಅವರು ಹಿಟ್ಟು ಮುಟ್ಟಲಿಲ್ಲ. ಮೊಮ್ಮಗಳಿಗೆ ಸ್ನಾನ ಮಾಡಿಸುತ್ತಿದ್ದರು, ತಲೆ ಬಾಚುತ್ತಿದ್ದರು, ಅಕ್ಕಿ ಆರಿಸಿಕೊಡುತ್ತಿದ್ದರು. ಅವಳು ರೊಟ್ಟಿ ಕೇಳಿದರೆ, ಮಮ್ಮೀನ್ನ ಕೇಳು ಎನ್ನುತ್ತಿದ್ದರು. ಮೂರನೆಯ ವರ್ಷ ಅದೇ ಮನೆಯಲ್ಲಿ ತೀರಿಕೊಂಡರು.

ಮಗಳು ಈಗ ನನಗಿಂತ ಎತ್ತರ. ಅವಳ ರೊಟ್ಟಿ ನಾನೇ ಬಡಿಯುತ್ತೇನೆ, ಬರೀ ಜೋಳದ್ದು. ದಿನಾ ಒಡೆಯುತ್ತದೆ. ಅವಳು ಚೂರುಗಳನ್ನೇ ಪಲ್ಯದ ಜೊತೆ ತಿಂದು ಏಳುತ್ತಾಳೆ, ಒಂದು ದಿನವೂ ಏನೂ ಅಂದಿಲ್ಲ. ಒಡೆದರೆ ಒಡೀಲಿ ಬಿಡ್ರಿ ಅತ್ತಿ ಎಂದು ಮೊದಲ ದಿನ ನಾನೂ ಸುಮ್ಮನೆ ತಿಂದಿದ್ದರೆ ಸಾಕಿತ್ತು.