ಬಂದೂಕಿಗೆ ಮೂರನೇ ಕೈ ಇಲ್ಲ

ಲಗೇಜ್ ಆಟೋದಿಂದ ಸಾಮಾನು ಇಳಿಸುವಾಗ ಚಾಪೆಯ ಸುರುಳಿ ಬಿಚ್ಚಿಕೊಂಡಿತು. ಒಳಗಿದ್ದ ನಮ್ಮಪ್ಪನ ಒಂಟಿ ನಳಿಗೆ ಬಂದೂಕು ಜಾರಿ ರಸ್ತೆಯ ಮೇಲೆ ಠಣ್ ಎಂದು ಬಿತ್ತು. ಬೀಗದ ಕೈ ಕೊಡಲು ಬಂದಿದ್ದ ಮನೆ ಓನರ್, ರಿಟೈರ್ಡ್ ಟೀಚರ್ ನಾಗರತ್ನಮ್ಮ ಕೈಯಲ್ಲಿದ್ದುದನ್ನು ಅಲ್ಲೇ ಬಿಸಾಕಿ, ಒಳಗೆ ಓಡಿ ಚಿಲಕ ಹಾಕಿಕೊಂಡರು. ಎದುರು ಮನೆಯ ಮಹಡಿಯಿಂದ ಯಾರೋ ಫೋನ್ ಹಿಡಿದು ವಿಡಿಯೋ ಮಾಡತೊಡಗಿದರು. ತುಮಕೂರಿನ ಬಟವಾಡಿಯಲ್ಲಿ ನಾನು ಸಂಸಾರ ಹೂಡಲು ಬಂದು ಇನ್ನೂ ಕಾಲು ಗಂಟೆಯೂ ಆಗಿರಲಿಲ್ಲ. ಅಷ್ಟರಲ್ಲೇ ಬೀದಿಯವರ ಕಣ್ಣಿಗೆ ನಾನು ಡಕಾಯಿತನಾಗಿದ್ದೆ.

ನಮ್ಮೂರಿನವರಿಗೆ ಇದು ಅರ್ಥವಾಗುವುದು ಕಷ್ಟ. ಕುಣಿಗಲ್ ಸೀಮೆಯ ನಮ್ಮ ಮನೆಯಲ್ಲಿ ಆ ಬಂದೂಕು ನಡುಮನೆಯ ಗೋಡೆಗೆ, ದೇವರ ಪಟದ ಪಕ್ಕದಲ್ಲೇ, ಎರಡು ಮೊಳೆಗಳ ಮೇಲೆ ಇರುತ್ತಿತ್ತು. ನೆಂಟರು ಬಂದರೆ ಅದರ ಕೆಳಗೇ ಕೂತು ಊಟ ಮಾಡುತ್ತಿದ್ದರು. ರಾಗಿ ತೆನೆ ಕಟ್ಟುವ ಕಾಲಕ್ಕೆ ಕಾಡುಹಂದಿ ಓಡಿಸಲೆಂದು ಸರ್ಕಾರವೇ ನಮ್ಮಪ್ಪನಿಗೆ ಲೈಸೆನ್ಸ್ ಕೊಟ್ಟಿತ್ತು. ಅಪ್ಪ ಸತ್ತ ಮೇಲೆ ಅದು ನನ್ನ ಹೆಸರಿಗೆ ಬಂತು. ವಿಚಾರಣೆಗೆ ಬಂದ ಪೊಲೀಸಿನವರು ಅರಳಿಕಟ್ಟೆಯ ಮೇಲೆ ಕೂತು, "ಈ ಶಿವಣ್ಣ ಹೆಂಗೆ?" ಎಂದು ಕೇಳಿದ್ದಕ್ಕೆ, ಹೊಲದಿಂದ ಬರುತ್ತಿದ್ದವರೆಲ್ಲ ನಿಂತು ನಿಂತು, "ನಮ್ ಹುಡ್ಗ ಸಾ, ಇರುವೆ ತುಳ್ದೋನಲ್ಲ" ಅಂದಿದ್ದರು. ಬಟವಾಡಿಯಲ್ಲಿ ನನ್ನ ಪರವಾಗಿ ಹಾಗನ್ನಲು ಒಂದು ನರಪಿಳ್ಳೆಯೂ ಇರಲಿಲ್ಲ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕೆಟ್ಟ ಮೋಟಾರಿನ ಶಬ್ದ ಕೇಳಿದರೆ ಸಾಕು, ಬೇರಿಂಗ್ ಹೋಗಿದೆಯೋ ಕಾಯಿಲ್ ಸುಟ್ಟಿದೆಯೋ ಬಿಚ್ಚದೆಯೇ ಹೇಳುತ್ತೇನೆ. ಬರಬರುತ್ತಾ ಸುತ್ತಲ ಹಳ್ಳಿಗಳ ಪಂಪುಗಳೆಲ್ಲ ಕೆಟ್ಟರೆ ನೇರ ತುಮಕೂರಿನ ವೈಂಡಿಂಗ್ ಅಂಗಡಿಗಳಿಗೇ ಹೋಗತೊಡಗಿದವು. ಅವುಗಳ ಹಿಂದೆಯೇ ನಾನೂ, ನನ್ನ ಹೆಂಡತಿ ಜಯಮ್ಮನೂ ಬಂದೆವು. ತೋಟ ಹೊಲವನ್ನು ದೊಡ್ಡಪ್ಪನ ಮಗ ರಂಗಣ್ಣನಿಗೆ ನೋಡಿಕೊಳ್ಳಲು ಬಿಟ್ಟೆವು. ಬಂದೂಕನ್ನು ಬಿಡಲು ಮನಸ್ಸಾಗಲಿಲ್ಲ. ಅದಕ್ಕೇ ಚಾಪೆಯಲ್ಲಿ ಸುತ್ತಿದ್ದು.

ಆವತ್ತು ಯಾರೋ ಫೋನ್ ಮಾಡಿದ್ದಕ್ಕೆ ಬೀದಿಗೆ ಬಂದವರು ಠಾಣೆಯ ದಫೇದಾರರು, ಕಿವಿಯ ಮೇಲೆ ನರೆಗೂದಲಿದ್ದ ಸಾವಧಾನದ ಮನುಷ್ಯ. ಲೈಸೆನ್ಸ್ ಪುಸ್ತಕವನ್ನು ಹಾಳೆ ಹಾಳೆಯಾಗಿ ತಿರುವಿದರು.

"ಊರು ಬದಲಾಯ್ಸೋ ಮುಂಚೆ ನಿಮ್ ಠಾಣೇಲಿ ಹೇಳಿದ್ರಾ?"

"ನಮ್ಮಪ್ಪಂದು ಸಾ. ಹೇಳೋದೇನಿದೆ?"

"ನಿಮ್ಮಪ್ಪಂದೇ ಆಗ್ಲಿ, ನಿಮ್ ತಾತಂದೇ ಆಗ್ಲಿ. ಇದು ಬೆಳೆಗೆ ಅಂತ ಕೊಟ್ಟಿರೋದು. ಬಟವಾಡೀಲಿ ಯಾವ್ ಬೆಳೆ ಕಾಯ್ತೀರಾ, ಕನಕಾಂಬರದ ಕುಂಡಾನಾ?"

ಗುಂಪು ನಕ್ಕಿತು. ನನ್ನ ಮುಖ ಕಾದ ಹೆಂಚಿನಂತಾಯಿತು. ಅವರು ತಣ್ಣಗೆ ಮುಂದುವರಿಸಿದರು: ವಿಳಾಸ ಬದಲಾವಣೆಗೆ ಅರ್ಜಿ ಹಾಕಬೇಕು, ಇಲ್ಲಿ ಹೊಸದಾಗಿ ವಿಚಾರಣೆಯಾಗಬೇಕು, ಡಿಸಿ ಆಫೀಸಿನಿಂದ ಆದೇಶ ಬರುವವರೆಗೆ ಬಂದೂಕೂ ಕಾಟ್ರಿಜ್‌ಗಳೂ ಠಾಣೆಯ ಮಾಲಖಾನೆಯಲ್ಲಿರಬೇಕು. ಮಾಲಖಾನೆ ಎಂದರೆ ಠಾಣೆಯೊಳಗಿನ ಬೀಗದ ಕೋಣೆ, ಕಳವಿನ ಮಾಲನ್ನೂ ಇಡುವ ಜಾಗ. ಆ ಮಾತೇ ನನಗೆ ಚುಚ್ಚಿತು. ಮರ್ಯಾದೆಯಿಂದ ಬದುಕಿದ ನಮ್ಮಪ್ಪನ ಬಂದೂಕು ಕದ್ದ ಸೈಕಲ್ಲುಗಳ ಜೊತೆ ಬಿದ್ದಿರಬೇಕೇ?

"ಇವತ್ತೇ ಊರಿಗೆ ವಾಪಸ್ ತಗಂಡೋಗಿ ಇಟ್ ಬರ್ತೀನಿ ಸಾ," ಅಂದೆ.

"ಅಲ್ಲಿ ಯಾರವ್ರೆ ಮನೇಲಿ?"

"ನಮ್ಮೋರೇ ಅವ್ರೆ."

"ನೋಡಿ ಶಿವಣ್ಣ, ಚೆನ್ನಾಗ್ ಕೇಳುಸ್ಕೊಳ್ಳಿ. ಇದು ಒಂದಾ ನಿಮ್ ಕೈಲಿರ್ಬೇಕು, ಇಲ್ಲಾ ಸರ್ಕಾರದ ಕೈಲಿರ್ಬೇಕು. ಮೂರನೇ ಕೈ ಅಂತ ಇಲ್ಲ. ಇಲ್ಲಿ ಬ್ಯಾಡ ಅಂದ್ರೆ ನಿಮ್ಮೂರ್ ಠಾಣೇಲಿ ಕೊಟ್ಟು ರಸೀದಿ ಇಸ್ಕೊಳ್ಳಿ."

ಹೂಂ ಅಂದೆ. ಅವರು ನನ್ನ ಮಾತನ್ನು ನಂಬಿದರು. ನಾನು ಅದೇ ಲಗೇಜ್ ಆಟೋದಲ್ಲಿ ಬಂದೂಕಿನೊಂದಿಗೆ ಕುಣಿಗಲ್ ದಾರಿ ಹಿಡಿದೆ. ನಮ್ಮೂರ ಠಾಣೆಯ ಮುಂದೆಯೇ ಹಾದುಹೋದೆ, ಇಳಿಯಲಿಲ್ಲ. ರಂಗಣ್ಣನ ಮನೆಯ ಅಟ್ಟದ ಮೇಲೆ ಬಂದೂಕನ್ನೂ ಐದು ಕಾಟ್ರಿಜ್‌ಗಳನ್ನೂ ಇಟ್ಟು, "ಮುಟ್ಬ್ಯಾಡಣ್ಣ, ಸುಮ್ನೆ ಇರ್ಲಿ" ಅಂದು ಬಂದೆ.

ನನ್ನ ತಪ್ಪು ಇದೇ. ನಮ್ಮೂರಿನವರೆಲ್ಲ ಮಾಡುವ ತಪ್ಪೂ ಇದೇ. ಔಷಧಿ ಹೊಡೆಯುವ ಕ್ಯಾನು, ಏಣಿ, ಎತ್ತು, ಮದುವೆಗೆ ಒಡವೆ, ಏನನ್ನು ಕೇಳಿದರೂ ದಾಯಾದಿಗಳಲ್ಲಿ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ದೊಡ್ಡಪ್ಪನ ಮಗನ ಅಟ್ಟ ನನ್ನ ಅಟ್ಟವೇ, ಅವನ ಕೈ ನನ್ನ ಕೈಯೇ ಎಂದುಕೊಂಡು ಬೆಳೆದವರು ನಾವು. ನಗರ ಕೈಗಳನ್ನು ಒಂದೊಂದಾಗಿ ಎಣಿಸುತ್ತದೆ. ಆಗ ಅದು ನನಗೆ ಬರೀ ಜುಗ್ಗತನದಂತೆ ಕಂಡಿತು.

ಬಟವಾಡಿಯಲ್ಲಿ ಮೊದಲ ಮೂರು ತಿಂಗಳು ನಾಗರತ್ನಮ್ಮ ನನ್ನೊಂದಿಗೆ ಕಿಟಕಿಯ ಸರಳಿನ ಹಿಂದಿನಿಂದಲೇ ಮಾತಾಡಿದರು. ನಾಲಿಗೆ ತುದಿಗೆ 'ಏನ್ಲಾ' ಬಂದರೂ ನುಂಗಿ 'ಸರ್' ಅನ್ನುವುದನ್ನು ಕಲಿತೆ. ಊರಲ್ಲಿ ಸಂಜೆಯಾದರೆ ಯಾರದ್ದಾದರೂ ಜಗುಲಿಯಲ್ಲಿ ಕೂರುತ್ತಿದ್ದ ಜಯಮ್ಮ ಇಲ್ಲಿ ಟಿವಿಯ ಜೊತೆ ಮಾತಾಡತೊಡಗಿದಳು. ಒಂದು ದಿನ ನಮ್ಮ ಮೋರಿಯ ಪಕ್ಕ ಹಂದಿಯೊಂದು ಮರಿಗಳೊಂದಿಗೆ ಮಲಗಿದ್ದನ್ನು ನೋಡಿ ಓಡಿಸಲು ಕಲ್ಲೆತ್ತಿಕೊಂಡೆ. ಪಕ್ಕದ ಮನೆಯವರು, "ಬಿಡ್ರೀ, ಪಾಲಿಕೆಗೆ ಫೋನ್ ಮಾಡಿದ್ದೀವಿ, ಬಲೆ ತಂದು ಹಿಡೀತಾರೆ" ಅಂದರು. ಬಲೆ ಬರಲು ಹತ್ತು ದಿನವಾಯಿತು. ಊರಲ್ಲಿ ಹಂದಿ ಬಂದರೆ ಬಂದೂಕು ತೆಗೆಯುತ್ತಿದ್ದೆವು, ಇಲ್ಲಿ ಫೋನ್ ಮಾಡಿ ಕಾಯುತ್ತಾರೆ. ನನಗೆ ನಗು ಬಂದಿತ್ತು. ಈಗ ಬರುವುದಿಲ್ಲ.

ನನ್ನನ್ನು ಈ ಬೀದಿಯವನನ್ನಾಗಿ ಮಾಡಿದ್ದು ನೀರು. ಪಾಲಿಕೆಯ ನೀರು ಬಿಟ್ಟು ಬಿಟ್ಟು ಬರುತ್ತದೆ. ಬಂದ ದಿನವೇ ಸಂಪಿನ ಮೋಟಾರು ಕೈಕೊಟ್ಟರೆ ಮನೆಯಲ್ಲಿ ಪ್ರಳಯ. ಒಂದು ಬೆಳಗ್ಗೆ ನಾಗರತ್ನಮ್ಮನ ಮೋಟಾರು ಗೊರಗೊರ ಅಂದದ್ದನ್ನು ನನ್ನ ಕೋಣೆಯಿಂದಲೇ ಕೇಳಿ, "ಟೀಚರಮ್ಮ, ಆಫ್ ಮಾಡಿ, ಸುಟ್ಟೋಯ್ತದೆ!" ಎಂದು ಕೂಗಿದೆ. ಹೋಗಿ ಸರಿ ಮಾಡಿಕೊಟ್ಟೆ. ಅಂದು ಅವರು ಕಿಟಕಿ ಬಿಟ್ಟು ಬಾಗಿಲಿಗೆ ಬಂದರು. ಆಮೇಲೆ ಅವರ ಮನೆಯ ಹುರುಳಿಕಾಳು ಬಸ್ಸಾರು ನಮ್ಮ ಮನೆಗೂ ಬರತೊಡಗಿತು. "ಬಂದೂಕು ಬಿಟ್ರೆ ನೀವು ಒಳ್ಳೇ ಮನುಷ್ಯರು ಕಣ್ರೀ" ಅನ್ನುತ್ತಿದ್ದರು.

ಎಂಟು ತಿಂಗಳು ಹೀಗೆ ಕಳೆಯಿತು. ರಾಗಿ ತೆನೆ ಕಟ್ಟಿದ್ದ ಕಾಲ. ಬೆಳಗ್ಗೆ ಏಳಕ್ಕೆ ಅದೇ ಸಂಪಿನ ಮುಂದೆ ಕೂತು ವಾಲ್ವ್ ಬದಲಿಸುತ್ತಿದ್ದಾಗ ಊರಿಂದ ಫೋನ್ ಬಂತು. ಆರೂವರೆಯ ಮಂಜಿನಲ್ಲಿ ರಂಗಣ್ಣ ಹೊಲದ ಬದುವಿನಲ್ಲಿ ಏನೋ ಅಲುಗಾಡಿದ್ದನ್ನು ಕಂಡು, ಹಂದಿಯೆಂದು ತಿಳಿದು, ನನ್ನ ಬಂದೂಕಿನಿಂದ ಗುಂಡು ಹಾರಿಸಿದ್ದ. ಅಲ್ಲಿದ್ದದ್ದು ಪಕ್ಕದ ಹೊಲದ ಕೆಂಪಕ್ಕ. ಮಂಜಿಗೆಂದು ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು, ಬಗ್ಗಿ ಹುಲ್ಲು ಕೊಯ್ಯುತ್ತಿದ್ದ ಮುದುಕಿ. ಸೀಸದ ಚರೆಗಳು ಮುಖಕ್ಕೂ ಹೆಗಲಿಗೂ ಹೊಕ್ಕಿದ್ದವು. ನನ್ನ ತಾಯಿ ತೀರಿಕೊಂಡ ವರ್ಷ ನನಗೆ ಒಂದು ಹೊತ್ತೂ ತಪ್ಪದಂತೆ ಮುದ್ದೆ ಇಕ್ಕಿದವಳು ಈ ಕೆಂಪಕ್ಕ.

ಅವಳನ್ನು ತುಮಕೂರಿನ ಆಸ್ಪತ್ರೆಗೇ ತಂದರು. ನಾನು ಓಡಿದೆ. ವರಾಂಡದಲ್ಲಿ ರಂಗಣ್ಣ ಗೋಡೆಗೆ ಹಣೆ ಒತ್ತಿ ನಿಂತಿದ್ದ. ದೊಡ್ಡಪ್ಪ ನನ್ನ ರಟ್ಟೆ ಹಿಡಿದು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋದರು.

"ಮಧ್ಯಾನ ಪೊಲೀಸ್ನೋರು ಬತ್ತಾರೆ. ನೀನೇ ಹೊಡ್ದೆ ಅಂತ ಹೇಳ್ಬುಡು ಕಣ್ಲಾ."

ನಾನು ರಟ್ಟೆ ಬಿಡಿಸಿಕೊಂಡೆ.

"ನಿಂಗೆ ಲೈಸೆನ್ಸ್ ಐತೆ. ಹಂದಿ ಹೊಡ್ಯಾಕ್ ಹೋಗಿ ಆಕಸ್ಮಿಕ ಆಯ್ತು ಅಂದ್ರೆ ಮುಗೀತು. ರಂಗಂಗೆ ಲೈಸೆನ್ಸ್ ಇಲ್ಲ, ಒಳಗಾಕ್ಬುಡ್ತಾರೆ. ಎರಡು ಹೆಣ್ಮಕ್ಳವೆ ಅವ್ನಿಗೆ."

"ನಾನಿಲ್ಲಿದ್ನಲ್ಲ ದೊಡ್ಡಪ್ಪ, ಬಟವಾಡೀಲಿ."

"ಯಾರ್ ನೋಡೋರು ಅದ್ನ? ಊರೋರೆಲ್ಲ ನೀನು ಬಂದಿದ್ದೆ ಅಂತಾರೆ, ನಾನ್ ಹೇಳಿಸ್ತೀನಿ. ನೀನೆಂಗೂ ಊರು ಬಿಟ್ಟೋನು. ನಿಂಗೇನ್ ಹೋಯ್ತದೆ?"

ಆ ಕೊನೆಯ ಮಾತನ್ನು ನನಗೆ ಇನ್ನೂ ಮರೆಯಲಾಗಿಲ್ಲ. ಆ ಮುದುಕನ ಮೇಲೆ ಸಿಟ್ಟೂ ಬರಲಿಲ್ಲ. ಬಂದೂಕು ಕೊಟ್ಟವನು ನಾನೇ. ಅವರು ಹೇಳಿದಂತೆ ಒಪ್ಪಿಕೊಂಡರೆ ರಂಗಣ್ಣ ಮನೆಯಲ್ಲಿರುತ್ತಾನೆ, ಊರಲ್ಲಿ ನನ್ನ ಹೆಸರು ಉಳಿಯುತ್ತದೆ. ಒಪ್ಪದಿದ್ದರೆ ಎರಡೂ ಇಲ್ಲ.

ಕೆಂಪಕ್ಕನನ್ನು ನೋಡಲು ಒಳಗೆ ಹೋದೆ. ಮುಖದ ಅರ್ಧಕ್ಕೆ ಬಟ್ಟೆ ಸುತ್ತಿದ್ದರು. ಉಳಿದ ಕಣ್ಣಿನಿಂದ ಗುರುತು ಹಿಡಿದಳು.

"ಸಿವಣ್ಣನಾ? ಹಂದಿ ಅಂದ್ಕಂಡನಂತೆ ಕಣೋ ನನ್ನ. ಅಷ್ಟೊಂದ್ ಗುಂಡುಗಿದೀನಾ?"

ನಾನು ಅತ್ತುಬಿಟ್ಟೆ. ಅವಳೇ ಮುಂದುವರಿಸಿದಳು:

"ನಿಮ್ಮಪ್ಪ ಅದ್ನ ಯಾರ್ಗೂ ಕೊಡ್ತಿರ್ಲಿಲ್ಲ. ನಮ್ಮೆಜಮಾನ್ರು ಒಂದ್ಸಲ ಕೇಳಿದ್ರು, ಹಂದಿ ಕಾಟಕ್ಕೆ. ನಾನೇ ಬಂದು ನಿಂತ್ಕತೀನಿ, ಬಂದೂಕ್ ಮಾತ್ರ ಕೇಳ್ಬ್ಯಾಡ ಅಂದ. ಒಂದೊರ್ಸ ನಾವು ಅವ್ನ್ ಜೊತೆ ಮಾತಾಡ್ನಿಲ್ಲ."

ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಊರಿನ ಪದ್ಧತಿ ಎಂದು ನಾನು ನಂಬಿದ್ದುದನ್ನು ಅಪ್ಪ ಆ ಒಂದು ವಸ್ತುವಿಗೆ ಒಪ್ಪಿರಲಿಲ್ಲ. ದಫೇದಾರರು ಬೀದಿಯಲ್ಲಿ ನಿಂತು ಹೇಳಿದ್ದನ್ನು ಅವರು ನಮ್ಮ ನಡುಮನೆಯಲ್ಲೇ ಪಾಲಿಸಿದ್ದರು. ಅದಕ್ಕಾಗಿ ನೆರೆಯವರ ಮುನಿಸನ್ನೂ ಕಟ್ಟಿಕೊಂಡಿದ್ದರು.

ಮಧ್ಯಾಹ್ನ ಪೊಲೀಸರು ಬಂದಾಗ ಇದ್ದದ್ದನ್ನು ಹೇಳಿದೆ. ಬಂದೂಕು ನನ್ನದು, ಕೊಟ್ಟವನು ನಾನು, ಠಾಣೆಗೆ ಒಪ್ಪಿಸಿ ಎಂದರೂ ಒಪ್ಪಿಸದವನು ನಾನು, ಹಾರಿಸಿದವನು ರಂಗಣ್ಣ. ದೊಡ್ಡಪ್ಪ ಅಲ್ಲೇ ನಿಂತಿದ್ದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ಶಿವಣ್ಣನೇ ಊರಿಗೆ ಬಂದಿದ್ದ ಎಂದು ಊರಿನ ಇಬ್ಬರು ಬರೆಸಿದರಂತೆ. ವಿಚಾರಿಸಲು ಪೊಲೀಸರು ಬಟವಾಡಿಗೆ ಬಂದರು. ನಾಗರತ್ನಮ್ಮ ಈ ಸಲ ಚಿಲಕ ಹಾಕಿಕೊಳ್ಳಲಿಲ್ಲ. "ಏಳು ಗಂಟೆಗೆ ನಮ್ಮ ಸಂಪಿನ ಮುಂದೆ ಕೂತಿದ್ರು, ನಾನೇ ಕಾಫಿ ಕೊಟ್ಟೆ. ಎಲ್ಲಿ ಬೇಕಾದ್ರೂ ಹೇಳ್ತೀನಿ" ಅಂದರು. ನನ್ನನ್ನು ಕಂಡು ಹೆದರಿದ್ದ ಹೆಂಗಸು ನನ್ನ ಪರವಾಗಿ ಸಾಕ್ಷಿಯಾದರು. ನನ್ನನ್ನು ಎತ್ತಿ ಆಡಿಸಿದವರು ಸುಳ್ಳು ಸಾಕ್ಷಿಯಾದರು. ನನ್ನ ಮೇಲಿನ ದ್ವೇಷಕ್ಕಲ್ಲ, ರಂಗಣ್ಣನನ್ನು ಉಳಿಸಲು ಹೇಳಿದರು ಎಂದು ಗೊತ್ತಿದ್ದೂ ನೋವಾಗುತ್ತದೆ.

ಲೈಸೆನ್ಸ್ ರದ್ದಾಯಿತು. ರಂಗಣ್ಣ ಜೈಲಿಗೆ ಹೋಗಿ ಜಾಮೀನಿನ ಮೇಲೆ ಬಂದ. ನನ್ನ ಮೇಲೂ ಕೇಸಿದೆ. ಕೆಂಪಕ್ಕನ ಬಲಗಣ್ಣು ಹೋಯಿತು. ಬಂದೂಕು ಈಗ ಯಾವ ಜಾಗವನ್ನು ನಾನು ಅವಮಾನವೆಂದುಕೊಂಡಿದ್ದೆನೋ ಅಂಥದ್ದೇ ಮಾಲಖಾನೆಯಲ್ಲಿ ಚೀಟಿ ಕಟ್ಟಿಸಿಕೊಂಡು ನಿಂತಿದೆ. ಗುರುತು ಹೇಳಲು ಕರೆಸಿದಾಗ ನೋಡಿದೆ. ಕದ್ದ ಸೈಕಲ್ಲು ಒಂದೂ ಇರಲಿಲ್ಲ. ಬೇರೆ ಬೇರೆಯವರ ಅಪ್ಪಂದಿರ ಬಂದೂಕುಗಳು ಸಾಲಾಗಿದ್ದವು. ಎಣ್ಣೆ ಹಾಕಿ ಒರೆಸಿದ್ದರು, ಒಂದೊಂದಕ್ಕೂ ರಸೀದಿ ಇತ್ತು.

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ನಾನು ಅಟ್ಟದ ಮೇಲೆ ಇಟ್ಟದ್ದು ಐದು ಕಾಟ್ರಿಜ್. ಒಂದು ಕೆಂಪಕ್ಕನಿಗೆ ತಾಗಿತು, ಎರಡು ರಂಗಣ್ಣನ ಮನೆಯಲ್ಲಿ ಸಿಕ್ಕವು. ಉಳಿದೆರಡನ್ನು ಅವನು ಯಾರಿಗೋ ಕೈಬದಲು ಕೊಟ್ಟಿದ್ದಾನೆ, ಹೆಸರು ಹೇಳುತ್ತಿಲ್ಲ. ನಮ್ಮ ಕಡೆಯಲ್ಲಿ ಲೈಸೆನ್ಸ್ ಇಲ್ಲದ ನಾಡಬಂದೂಕುಗಳೂ ಇವೆ, ಎಲ್ಲರಿಗೂ ಗೊತ್ತು. ಇದನ್ನು ಓದುತ್ತಿರುವವರಲ್ಲಿ ಆ ಎರಡನ್ನು ಇಟ್ಟುಕೊಂಡವರೂ ಒಬ್ಬರಿರಬಹುದು. ದಯವಿಟ್ಟು ಹೋಗಿ ಠಾಣೆಗೆ ಕೊಡಿ. ನನ್ನಂತೆ ಮುಂದೆ ಹಾದುಹೋಗಬೇಡಿ.

ಕೋರ್ಟಿನ ಕಾಗದದಲ್ಲಿ ನನ್ನ ಹೆಸರಿನ ಕೆಳಗೆ ಎರಡು ವಿಳಾಸವಿದೆ, ಕಾಯಂ ಒಂದು, ಹಾಲಿ ಒಂದು. ಹೋದ ತಿಂಗಳ ನೋಟಿಸು ಕಾಯಂ ವಿಳಾಸಕ್ಕೆ ಹೋಯಿತು. ಊರಿನ ಮನೆಗೆ ಬೀಗ, ಬಾಗಿಲಿಗೆ ಅಂಟಿಸಿ ಹೋದರು. ಓಣಿಯವರೆಲ್ಲ ಓದಿರುತ್ತಾರೆ, ಯಾರೂ ತಿಳಿಸಲಿಲ್ಲ. ಎರಡು ದಿನ ಬಿಟ್ಟು ಒಂದು ಫೋನ್ ಬಂತು.

"ಸಿವಣ್ಣ, ನಾನು ಕಣೋ ಕೆಂಪಕ್ಕ. ನಿನ್ ಬಾಗ್ಲಿಗೆ ಪೇಪರ್ ಮೆತ್ತವ್ರೆ. ನಾಳಿದ್ದು ಕೋರ್ಟಂತೆ. ಬೇಗ ಬಂದು ಉಂಡ್ಕಂಡೋಗು."

ಮೊದಲ ಬಸ್ಸಿಗೆ ಹೋದೆ. ಜಗುಲಿಯಲ್ಲಿದ್ದ ದೊಡ್ಡಪ್ಪ ನನ್ನನ್ನು ಕಂಡು ಆ ಕಡೆ ತಿರುಗಿ ಕೂತರು. ನನ್ನ ಮನೆಯ ಬೀಗ ತೆಗೆದೆ. ನಡುಮನೆಯ ಎರಡು ಮೊಳೆಗಳ ನಡುವೆ, ಬಂದೂಕು ಇದ್ದಷ್ಟು ಉದ್ದಕ್ಕೆ ಗೋಡೆ ಬೆಳ್ಳಗಿತ್ತು. ಅಷ್ಟರಲ್ಲಿ ಬಟವಾಡಿಯಿಂದ ನಾಗರತ್ನಮ್ಮನ ಫೋನ್, "ನೀರು ಬಂದಿದೆ ಶಿವಣ್ಣ, ನಿಮ್ಮ ಡ್ರಮ್ಮಿಗೂ ಹಿಡಿದಿಡ್ತೀನಿ, ನಿಧಾನವಾಗಿ ಬನ್ನಿ." ಆಗಲಿ ಟೀಚರಮ್ಮ ಎಂದು ಹೇಳಿ ಬಾಗಿಲು ಹಾಕಿಕೊಂಡು ಕೆಂಪಕ್ಕನ ಮನೆಗೆ ಹೋದೆ.

ತಟ್ಟೆ ಇಟ್ಟಳು. ಬಿಸಿ ಮುದ್ದೆಯನ್ನು ಎರಡು ಕೈಯಲ್ಲಿ ಎತ್ತಿ ತಂದು ಬಗ್ಗಿದಳು. ಒಂದೇ ಕಣ್ಣಿಗೆ ದೂರ ಸರಿಯಾಗಿ ತಿಳಿಯುವುದಿಲ್ಲ. ಮುದ್ದೆ ತಟ್ಟೆಯ ಅಂಚಿನಾಚೆ ಇಳಿಯುವುದರಲ್ಲಿತ್ತು. ಅವಳಿಗೆ ಗೊತ್ತಾಗದಂತೆ ತಟ್ಟೆಯನ್ನು ಅದರ ಕೆಳಗೆ ಸರಿಸಿದೆ.

"ಸರಿಯಾಗ್ ಬಿತ್ತಾ?" ಅಂದಳು.

"ಸರಿಯಾಗ್ ಬಿತ್ತು ಕೆಂಪಕ್ಕ," ಅಂದೆ.