ಶಾಲೆಯ ಜಗಲಿಯಲ್ಲಿ ಮಲಗದ ನಾಯಕ

ಮೊನ್ನೆ ಬೆಳಿಗ್ಗೆ ಚಾವಡಿಯಲ್ಲಿ ಪೇಪರ್ ಓದುತ್ತಿದ್ದೆ. ಮೊಮ್ಮಗಳು ಪಕ್ಕದಲ್ಲೇ ಕಾಲು ಮಡಚಿ ಕೂತು ಉಗುರಿಗೆ ಕೆಂಪು ಬಣ್ಣ ಹಚ್ಚುತ್ತಿದ್ದಳು. ನಾನು ಪೇಪರ್ ಮಡಚಿ ಮೂಗು ಎತ್ತಿದ್ದನ್ನು ಕಂಡು, "ವಾಸನೆ ಆಗ್ತದಾ ಅಜ್ಜ? ಒಳಗೆ ಹೋಗ್ತೇನೆ" ಎಂದಳು. "ಬೇಡ, ಇಲ್ಲೇ ಹಚ್ಚು" ಎಂದೆ. ಊದುಬತ್ತಿಗೂ ಕೆಮ್ಮುವ ಅಜ್ಜ ಹೀಗೆ ಹೇಳಿದ್ದು ಅವಳಿಗೆ ಸೋಜಿಗವಾಗಿರಬೇಕು. ಆದರೆ ನನ್ನ ಮೂಗಿಗೆ ಬಂದದ್ದು ಉಗುರುಬಣ್ಣವಲ್ಲ, ಅರುವತ್ತರ ದಶಕದ ಒಂದು ಕಾಲೇಜಿನ ಆಫೀಸು ಕೋಣೆ.

ನಿಮ್ಮಲ್ಲಿ ವಯಸ್ಸಾದವರಿಗೆ ಸೈಕ್ಲೋಸ್ಟೈಲ್ ಯಂತ್ರದ ನೆನಪಿರಬಹುದು. ಮೇಣದ ಹಾಳೆಯ ಮೇಲೆ ಟೈಪು ಮಾಡಿ, ಅದನ್ನು ಉರುಳೆಗೆ ಸುತ್ತಿ, ಹಿಡಿ ತಿರುಗಿಸಿ ಪ್ರತಿ ತೆಗೆಯುತ್ತಿದ್ದೆವು. ಟೈಪು ತಪ್ಪಿದರೆ ಪುಟ್ಟ ಬಾಟಲಿಯ ಕೆಂಪು ದ್ರವವನ್ನು ಕುಂಚದಲ್ಲಿ ಆ ಅಕ್ಷರದ ಮೇಲೆ ಹಚ್ಚಿ, ಉಫ್ ಎಂದು ಊದಿ ಒಣಗಿಸಿ, ಮತ್ತೆ ಟೈಪು ಮಾಡಬೇಕು. ಆ ದ್ರವಕ್ಕೂ ಉಗುರುಬಣ್ಣಕ್ಕೂ ಒಂದೇ ವಾಸನೆ. ನಮ್ಮ ಸದಾಶಿವ ಮಾಷ್ಟ್ರು ಆ ಬಾಟಲಿಯನ್ನು ಕಿಸೆಯಲ್ಲಿಟ್ಟುಕೊಂಡೇ ತಿರುಗುತ್ತಿದ್ದರು, ಯಾಕೆಂದರೆ ಅವರು ಟೈಪು ಮಾಡಿದ ಹಾಳೆಯಲ್ಲಿ ಅಕ್ಷರಗಳಿಗಿಂತ ಕೆಂಪು ಚುಕ್ಕೆಗಳೇ ಹೆಚ್ಚು ಇರುತ್ತಿದ್ದವು.

ಕಾಲೇಜಿನ ಹೆಸರು ಹೇಳುವುದಿಲ್ಲ. ಈಗ ಆ ಕಾಲೇಜೂ ಇಲ್ಲ, ಅದನ್ನು ನಡೆಸಿದವರೂ ಇಲ್ಲ. ಸದಾಶಿವ ಮಾಷ್ಟ್ರು ಅಲ್ಲಿ ತಾತ್ಕಾಲಿಕ ಲೆಕ್ಚರರ್. ಎಲ್ಲರೂ ಕರೆಯುವುದು ಮಾಷ್ಟ್ರು ಎಂದೇ. ಒಂದು ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿ ಏನೋ ತರಬೇತಿ ಪಡೆದು ಬಂದವರು, ಶನಿವಾರ ಮಧ್ಯಾಹ್ನ ನಾಯಕತ್ವದ ತರಗತಿ ಎಂಬುದನ್ನು ಸುರು ಮಾಡಿದರು. ಶನಿವಾರ ಮಧ್ಯಾಹ್ನ ಊರಿನ ಬಸ್ಸು ತಪ್ಪಿಸಿಕೊಂಡ ಹದಿನಾಲ್ಕು ಮಂದಿ ಅದಕ್ಕೆ ಸೇರಿದೆವು.

ಮಾಷ್ಟ್ರಷ್ಟು ಸಾಧು ಮನುಷ್ಯನನ್ನು ನಾನು ಕಂಡಿಲ್ಲ. ಸಾಧು ಎಂದರೆ, ಹೋಟೆಲಿನಲ್ಲಿ ಚಾ ಕೇಳಿದವರಿಗೆ ಕಾಫಿ ಕೊಟ್ಟರೂ ಅದನ್ನೇ ಕುಡಿದು ಬರುವ ಜಾತಿ. ಅವರು "ನಾಯಕನಾದವನು ಯಾವುದೇ ಸಂದರ್ಭದಲ್ಲಿ ಕೂಡಲೇ ನಿರ್ಧಾರ ಮಾಡಬೇಕು" ಎಂದು ನೋಟ್ಸು ಬರೆಸುತ್ತಿದ್ದಾಗ ಗಾಳಿ ಬಂದು ಕಾಗದಗಳೆಲ್ಲ ಹಾರಿದವು. ಅವರು ಕಿಟಕಿಯ ಹತ್ತಿರ ಹೋಗಿ, ನಮ್ಮ ಕಡೆ ತಿರುಗಿ, "ಹಾಕುದಾ? ಹಾಕಿದ್ರೆ ಸೆಕೆ ಆಗ್ತದೆ. ನೀವೆಂತ ಹೇಳ್ತೀರಿ?" ಎಂದು ಕೇಳಿದರು. ಕೈ ಎತ್ತಿಸಿ ಮತ ಪಡೆದೆವು. ಹಾಕಲು ಏಳು, ಬೇಡವೆಂದು ಏಳು ಬಿತ್ತು. ಕೊನೆಗೆ ಕಿಟಕಿಯ ಒಂದು ಬಾಗಿಲು ಹಾಕಿ ಇನ್ನೊಂದನ್ನು ತೆರೆದಿಟ್ಟರು.

ಆ ವರ್ಷ ಮೈಸೂರಿನಲ್ಲಿ ವಿದ್ಯಾರ್ಥಿಗಳದೇ ಒಂದು ಸಂಶೋಧನಾ ಗೋಷ್ಠಿ ಇತ್ತು. ಕಾಲೇಜಿಗೊಬ್ಬ ವಿದ್ಯಾರ್ಥಿ ಹೋಗಿ ಪ್ರಬಂಧ ಓದಬೇಕು, ದೊಡ್ಡ ದೊಡ್ಡ ಪ್ರಾಧ್ಯಾಪಕರು ಕೂತು ಕೇಳುತ್ತಾರೆ. ಮಾಷ್ಟ್ರು ನಮ್ಮಿಂದಲೂ ಒಂದು ಮಾಡಿಸುವುದೆಂದು ಪ್ರಿನ್ಸಿಪಾಲರ ಒಪ್ಪಿಗೆ ತಂದರು. ಒಪ್ಪಿಗೆಯ ಜೊತೆಗೆ ಬಂದ ಇನ್ನೊಂದು ಮಾತನ್ನು, ತನಗೇನೋ ಕಾಯಿಲೆ ಬಂದಿದೆ ಎನ್ನುವವರ ಹಾಗೆ ಮುಖ ಕೆಳಗೆ ಹಾಕಿ ತಿಳಿಸಿದರು. "ಅಲ್ಲಿ ಒಳ್ಳೆ ಹೆಸರು ಬಂದ್ರೆ ತರಗತಿಯೂ ಉಳಿತದೆ, ನನ್ನ ಕೆಲಸವೂ ಖಾಯಂ ಆಗ್ತದಂತೆ. ಇಲ್ಲದಿದ್ರೆ ಎರಡೂ ಇಲ್ಲ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ನೀವು ಅದನ್ನು ತಲೆಗೆ ಹಾಕ್ಕೊಳ್ಬೇಡಿ." ಹಾಕಿಕೊಳ್ಳಬೇಡಿ ಎಂದ ಮೇಲೆ ನಾನು ಹಾಕಿಕೊಳ್ಳಲಿಲ್ಲ. ಗುರುಗಳ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದು ಬಹುಶಃ ಅದೊಂದನ್ನೇ.

ಸಂಶೋಧನೆಯ ವಿಷಯ: ಒಂದು ಹಳ್ಳಿಯಲ್ಲಿ ಜನ ಯಾರನ್ನು ನಾಯಕ ಎನ್ನುತ್ತಾರೆ? ಊರು ಯಾವುದಾಗಬೇಕು ಎಂಬ ಚರ್ಚೆಯಲ್ಲಿ ನಾನು ಆಲೆಟ್ಟಿಯ ಹೆಸರು ಹೇಳಿದೆ. ನನ್ನ ಸೋದರಮಾವ ಅಲ್ಲಿಯ ಪಟೇಲರು, ಅನುಕೂಲ ಆಗುತ್ತದೆ ಎಂದೆ. ಎರಡು ಜನ ಹೋಗುವುದೆಂದಾಯಿತು. ಗಂಟಲು ದೊಡ್ಡದೆಂಬ ಕಾರಣಕ್ಕೆ ನಾನು ನಾಯಕ. ನನ್ನ ಜೊತೆಗೆ ಈಶ್ವರಮಂಗಲದ ಹಮೀದ್, ಬ್ಯಾರಿಗಳ ಹುಡುಗ, ಮಾತು ಕಮ್ಮಿ, ಅಕ್ಷರ ಮುತ್ತಿನಂಥದು. ಹೊರಡುವ ಮುಂಚೆ ಮಾಷ್ಟ್ರು ಇಬ್ಬರನ್ನೂ ಕರೆದು ಒಂದೇ ಒಂದು ನಿಯಮ ಹೇಳಿದರು.

"ಅಕ್ಕಿ ಕಟ್ಟಿಕೊಂಡು ಹೋಗಿ. ಶಾಲೆಯ ಜಗಲಿಯಲ್ಲೇ ಮಲಗಿ. ಯಾರ ಮನೆಯಲ್ಲೂ ಉಳಿಬೇಡಿ, ಮುಖ್ಯ ನಿನ್ನ ಮಾವನ ಮನೆಯಲ್ಲಿ."

ಒಂದು ನಿರ್ಧಾರವನ್ನು ಅವರು ಮತ ಕೇಳದೆ ಹೇಳಿದ್ದು ಅದೇ ಮೊದಲು. ನಾನದನ್ನು ಗಮನಿಸಬೇಕಿತ್ತು.

ಶಾಲೆಗೆ ಹೋಗಿ ಗಂಟು ಇಳಿಸಿದೆವು. ನಾನು ಒಲೆ ಹೂಡಿದೆ. ಹೊಗೆ ಬಂದಷ್ಟು ಬೆಂಕಿ ಬರಲಿಲ್ಲ. ಅನ್ನ ಅರ್ಧ ಬೇಯುವಷ್ಟರಲ್ಲಿ ಮಾವನ ಮನೆಯ ಹಳೇ ಆಳು ಬಾಬಣ್ಣ ಕೊಡೆ ಹಿಡಿದು ಅಂಗಳಕ್ಕೆ ಬಂದ. "ಪಟೇಲರು ಹೇಳಿ ಕಳಿಸಿದ್ದಾರೆ. ಅಳಿಯ ಊರಿಗೆ ಬಂದು ಶಾಲೆಯಲ್ಲಿ ಮಲಗುದು ಅಂದ್ರೆ ಎಂತ ಅರ್ಥ? ನಾಳೆ ಊರಿನವರು ಎಂತ ಹೇಳಿಯಾರು? ಅತ್ತೆಯವರು ಬೆಳಿಗ್ಗೆಯಿಂದ ಅಕ್ಕಿ ಕಡಿತಾ ಇದ್ದಾರೆ." ನಮ್ಮ ಕಡೆ ಸೋದರಮಾವ ಇರುವ ಊರಿನಲ್ಲಿ ಅಳಿಯ ಬೇರೆ ಕಡೆ ಉಂಡರೆ, ಎರಡು ಮನೆಗಳ ನಡುವೆ ಮಾತು ಬಿಟ್ಟಿದೆ ಎಂದೇ ಊರು ತಿಳಿಯುತ್ತದೆ. ಅದು ನಿಜ. ಆದರೆ ನಾನು ಎದ್ದದ್ದು ಆ ಮರ್ಯಾದೆಗೆ ಹೆದರಿ ಅಲ್ಲ, ಅತ್ತೆ ಕಲ್ಲಿನಲ್ಲಿ ಅರೆಯುತ್ತಿದ್ದ ಅಕ್ಕಿ ಯಾವುದಕ್ಕೆ ಎಂದು ಗೊತ್ತಿದ್ದುದರಿಂದ. ರೊಟ್ಟಿಗೆ. ರೊಟ್ಟಿ ಮಾಡಿದರೆ ಕೋಳಿಯೂ ಇದ್ದೇ ಇರುತ್ತದೆ. ಹಮೀದನನ್ನೂ ಕರೆದೆ. "ನೀನು ಹೋಗು. ನನಗೆ ಇಲ್ಲೇ ಸಾಕು" ಎಂದು ಅವನು ಬೇಯದ ಅನ್ನದ ಪಾತ್ರೆಗೆ ಮತ್ತೆ ನೀರು ಹಾಕಿದ.

ಮರುದಿನದಿಂದ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಕೊಡೆಯ ಬಾಬಣ್ಣ, ಹಿಂದೆ ಪ್ರಶ್ನಾವಳಿ ಹಿಡಿದ ನಾನು, ನನ್ನ ಹಿಂದೆ ಹಮೀದ್. ಪ್ರತಿ ಅಂಗಳದಲ್ಲೂ ಬಾಬಣ್ಣ ಕೂಗಿ ಹೇಳುತ್ತಿದ್ದ, "ಪಟೇಲರ ಅಳಿಯ ಬಂದಿದ್ದಾರೆ. ಎಂತದೋ ಕೇಳ್ಲಿಕ್ಕೆ ಉಂಟಂತೆ." ಕೂಡಲೇ ಚಾಪೆ ಹಾಸುತ್ತಿದ್ದರು, ತಂಬಿಗೆಯಲ್ಲಿ ನೀರು ಮತ್ತು ಬೆಲ್ಲ ಬರುತ್ತಿತ್ತು. ಬೆಲ್ಲ ಬಾಯಿಗೆ ಹಾಕಿಕೊಂಡು ನಾನು ಗಂಭೀರವಾಗಿ, "ನಿಮ್ಮ ಊರಿನ ನಾಯಕರು ಯಾರು?" ಎಂದು ಕೇಳುತ್ತಿದ್ದೆ. "ಪಟೇಲರಲ್ಲದೆ ಮತ್ತೆ ಯಾರು?" ಎಂಬ ಉತ್ತರ ಬರುತ್ತಿತ್ತು. ನಾನು ಬರೆದುಕೊಳ್ಳುತ್ತಿದ್ದೆ. ಬಾಬಣ್ಣ ತಲೆಯಾಡಿಸುತ್ತಿದ್ದ. ಒಬ್ಬಳು ಅಜ್ಜಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಮಾವ ಯಾರು ಅಂತ ತಿಳ್ಕೊಳ್ಳಿಕ್ಕೆ ಕಾಲೇಜಿಗೆ ಹೋಗ್ಬೇಕಾಯಿತಾ ಮಗಾ?" ಎಂದಳು. ಅದನ್ನು ನಾನು ಬರೆದುಕೊಳ್ಳಲಿಲ್ಲ.

ಮೂರನೇ ದಿನ ದಾರಿಯಲ್ಲಿ ಹಮೀದ್ ನನ್ನನ್ನು ಹಿಂದೆ ನಿಲ್ಲಿಸಿಕೊಂಡ. "ಸಂಜೆಗೆ ಜನ ಶಾಲೆಯ ಹತ್ತಿರ ಬಂದು ಕೂತು ಮಾತಾಡ್ತಾರೆ. ಆಗ ಹೇಳುದೇ ಬೇರೆ. ಜಗಳ ಆದ್ರೆ, ಹೆಣ್ಣು ಕೊಡುದು ತರುದು ಅಂತಾದ್ರೆ, ಎಲ್ಲರೂ ಹೋಗುದು ದೇವಕಿ ಅಕ್ಕನ ಹತ್ತಿರ" ಎಂದ. ದೇವಕಿ ಅಕ್ಕ ಎಂದರೆ ಊರಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ವಿಧವೆ. "ಹಾಗಾದ್ರೆ ಅವರು ನನ್ನ ಹತ್ತಿರ ಯಾಕೆ ಹೇಳುದಿಲ್ಲ?" ಎಂದೆ. ಹಮೀದ್ ಮುಂದೆ ಹೋಗುತ್ತಿದ್ದ ಕೊಡೆಯನ್ನು ತೋರಿಸಿದ. "ನಿನ್ನ ಮಾವನ ಮೇಲೆಯೇ ದೂರು ಇದ್ದವರು ನಿನ್ನ ಹತ್ತಿರ ಹೇಗೆ ಹೇಳುದು ಮಾರಾಯ? ಅಂಥವರಿಗೂ ದೇವಕಿ ಅಕ್ಕನೇ ಗತಿ. ಅವಳು ಹೇಳಿದ್ರೆ ಪಟೇಲರೂ ಕೇಳ್ತಾರಂತೆ."

ಈಗ ಯೋಚಿಸಿದರೆ ಇಡೀ ಸಂಶೋಧನೆಯಲ್ಲಿ ಸಿಕ್ಕಿದ ಒಂದೇ ಒಂದು ಸತ್ಯ ಅದು. ಅದನ್ನು ನಾನು ನಾಯಕನ ಗತ್ತಿನಲ್ಲಿ, ಕೂಡಲೇ ನಿರ್ಧಾರ ಮಾಡಿ, ತಳ್ಳಿಹಾಕಿದೆ. ಸಂಜೆಯ ಪಟ್ಟಾಂಗ ಪ್ರಶ್ನಾವಳಿಯಲ್ಲಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ ಎಂದೆ. ಪ್ರಬಂಧ ಬರೆಯುವಾಗ ಮೊದಲ ಪುಟದಲ್ಲೇ, 'ಸಂಶೋಧಕರು ಊರಿನ ಶಾಲೆಯಲ್ಲಿ ತಂಗಿದ್ದರು' ಎಂದು ಸೇರಿಸಿದೆ. ಅದನ್ನು ಮೇಣದ ಹಾಳೆಗೆ ಟೈಪು ಮಾಡುತ್ತಾ ಮಾಷ್ಟ್ರು, "ತುಂಬ ಕಷ್ಟ ಆಯಿತಾ ಅಲ್ಲಿ?" ಎಂದು ಕೇಳಿದರು. "ಹಾಗೇನಿಲ್ಲ ಸರ್" ಎಂದೆ. ಅಷ್ಟರ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಮೈಸೂರಿನ ಸಭೆಯಲ್ಲಿ ನಾನು ಕೋಟು ಹಾಕಿಕೊಂಡು ಓದಿದೆ. ಕೋಟು ಪ್ರಿನ್ಸಿಪಾಲರದು, ತೋಳು ಬೆರಳ ತುದಿಯವರೆಗೆ ಬರುತ್ತಿತ್ತು. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ, ಮಾಷ್ಟ್ರು ಕೊನೆಯ ಸಾಲಿನಲ್ಲಿ ಗೋಡೆಗೆ ತಾಗಿ ಕೂತಿದ್ದರು. ಊರಿನ ಎಲ್ಲ ಮನೆಗಳೂ ಒಬ್ಬರನ್ನೇ ನಾಯಕರೆಂದು ಒಪ್ಪಿವೆ ಎಂದು ನಾನು ಗಂಟಲೆತ್ತಿ ಮುಗಿಸಿದೆ. ಅಧ್ಯಕ್ಷತೆ ವಹಿಸಿದ್ದ ವಯಸ್ಸಾದ ಪ್ರಾಧ್ಯಾಪಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಮನೇನೂ ಬಿಡದೆ ಎಲ್ರೂ ಅದೇ ಹೆಸರು ಹೇಳಿದ್ರೇನಪ್ಪ?"

"ಹೌದು ಸರ್."

"ಅಷ್ಟು ಒಗ್ಗಟ್ಟಿರೋ ಊರನ್ನ ನಾನು ನೋಡೇ ಇಲ್ಲ. ನೀವು ಉಳ್ಕೊಂಡಿದ್ದು ಯಾರ ಮನೇಲಿ?"

ಸಭೆ ನಕ್ಕಿತು. ಶಾಲೆಯಲ್ಲಿ ಎಂದು ಪ್ರಬಂಧದಲ್ಲೇ ಇತ್ತು, ಅದನ್ನೇ ಓದಿ ಹೇಳಿದ್ದರೆ ಆಗುತ್ತಿತ್ತು. ಆದರೆ ಆ ಮುದುಕರ ಕಣ್ಣು ನೋಡಿಕೊಂಡು ಸುಳ್ಳು ಬರಲಿಲ್ಲ, ನಿಜವೂ ಬರಲಿಲ್ಲ. ಮೇಜಿನ ಮೇಲಿದ್ದ ನೀರು ಕುಡಿದೆ. ಲೋಟ ಕೆಳಗಿಟ್ಟೆ. ನನ್ನ ದೊಡ್ಡ ಗಂಟಲು ಎಲ್ಲಿಗೆ ಹೋಗಿತ್ತೋ ಗೊತ್ತಿಲ್ಲ. ಆಗ ಕೊನೆಯ ಸಾಲಿನಲ್ಲಿ ಮಾಷ್ಟ್ರು ಎದ್ದು ನಿಂತರು.

"ಅವನು ಪಟೇಲರ ಮನೆಯಲ್ಲಿ ಉಳಿದದ್ದು ಸರ್. ಪಟೇಲರು ಅವನ ಸೋದರಮಾವ. ಅಲ್ಲಿ ಉಳಿಯಲು ಹೇಳಿದವನು ನಾನು. ಶಾಲೆ ಅಂತ ಬರೆಸಿದವನೂ ನಾನೇ. ತಪ್ಪು ನನ್ನದು, ಅವನದಲ್ಲ."

ಕಿಟಕಿ ಹಾಕಲು ಮತ ಕೇಳುತ್ತಿದ್ದ ಮನುಷ್ಯ ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಕೂತುಬಿಟ್ಟರು. ಪ್ರಿನ್ಸಿಪಾಲರು ಹಿಂದೆ ತಿರುಗಿ ನೋಡಲಿಲ್ಲ. ಪ್ರಾಧ್ಯಾಪಕರು "ಸರಿ" ಎಂದು ಕನ್ನಡಕ ಹಾಕಿಕೊಂಡು ಮುಂದಿನ ಹೆಸರು ಕರೆದರು.

ಪ್ರಿನ್ಸಿಪಾಲರು ಮೈಸೂರಿನಲ್ಲೇ ಉಳಿದರು. ನಾನೂ ಮಾಷ್ಟ್ರೂ ಮಡಿಕೇರಿ ಮೇಲಾಗಿ ಬಸ್ಸಿನಲ್ಲಿ ಬಂದೆವು. ಅರಂತೋಡಿನಲ್ಲಿ ಬಸ್ಸು ನಿಂತಾಗ ಇಳಿದು ಚಾ ಕುಡಿದೆವು. ಮಾಷ್ಟ್ರು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಮಾವನಲ್ಲಿ ಊಟಕ್ಕೆ ಎಂತ ಇತ್ತು?" ಎಂದು ಕೇಳಿದರು.

"ರೊಟ್ಟಿ, ಕೋಳಿ."

"ಹಾಗಾದ್ರೆ ನಾನಿದ್ರೂ ಹೋಗ್ತಿದ್ದೆ" ಎಂದರು.

ಹೋಗುತ್ತಿರಲಿಲ್ಲ. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಜೂನಿನಲ್ಲಿ ಕಾಲೇಜು ತೆರೆದಾಗ ನಾಯಕತ್ವದ ತರಗತಿ ಇರಲಿಲ್ಲ, ಮಾಷ್ಟ್ರೂ ಇರಲಿಲ್ಲ. ಕಡಬದ ಕಡೆ ಒಂದು ಹೈಸ್ಕೂಲಿಗೆ ಸೇರಿದರೆಂದು ಹಮೀದ್ ಹೇಳಿದ. ಪ್ರಿನ್ಸಿಪಾಲರ ಕೋಣೆಗೆ ಹೋಗಿ ನಡೆದದ್ದು ಹೀಗೆ ಎಂದು ಹೇಳಲು ನನಗೆ ಇಡೀ ಒಂದು ವರ್ಷವಿತ್ತು. ಆ ಕೋಣೆಯ ಮುಂದೆ ದಿನಾ ಹಾದುಹೋಗುತ್ತಿದ್ದೆ. ಹೋಗಿ ಹೇಳಲಿಲ್ಲ.

ಕೆಲಸ ಸಿಕ್ಕಿ ನಾಲ್ಕೈದು ವರ್ಷವಾದ ಮೇಲೆ ಕಡಬಕ್ಕೆ ಹೋಗುವ ಸಂದರ್ಭ ಬಂತು. ಮಾಷ್ಟ್ರ ಬಿಡಾರ ಹುಡುಕಿಕೊಂಡು ಹೋದೆ. ನನ್ನನ್ನು ಕಂಡು ಅವರಿಗೆ ನಿಜವಾಗಿ ಸಂತೋಷವಾಯಿತು. ಚಾ ಮಾಡುವುದೋ ಶರಬತ್ತು ಮಾಡುವುದೋ ಎಂದು ತೀರ್ಮಾನವಾಗದೆ ಎರಡನ್ನೂ ಮಾಡಿದರು. ಎರಡನ್ನೂ ಕುಡಿದ ಮೇಲೆ ನಾನು ಧೈರ್ಯ ತಂದುಕೊಂಡು, "ಆವತ್ತು ನೀವು ಯಾಕೆ ಹಾಗೆ ಹೇಳಿದ್ದು ಸರ್?" ಎಂದು ಕೇಳಿದೆ.

"ಎಲ್ಲಿ ಉಳಿದದ್ದು ಅಂತ ನಿನ್ನ ಮುಖ ಕಂಡೇ ಗೊತ್ತಾಯಿತು. ನೀನೇ ಹೇಳ್ತಿ ಅಂತ ಕಾದೆ" ಎಂದರು. "ನೀನು ನೀರು ಕುಡಿದು ಲೋಟ ಇಡುವವರೆಗೂ ಕಾದೆ. ನಿನ್ನಿಂದ ಆಗುದಿಲ್ಲ ಅಂತ ಕಂಡಿತು. ಯಾರಾದ್ರೂ ಒಬ್ಬರು ಹೇಳ್ಬೇಕಲ್ಲ?"

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಇಷ್ಟು ವರ್ಷ ಚುಚ್ಚುತ್ತಿರಲಿಲ್ಲ. ನನಗೆ ಆಗ ಆದ ನಾಚಿಕೆ ಈಗಲೂ ಹಾಗೇ ಇದೆ. ಆಮೇಲೆ ನಾನು ಸುಳ್ಯದಲ್ಲಿ ಮನೆ ಕಟ್ಟಿ ನೆಲೆಸಿದೆ, ಒಂದಲ್ಲ ಎರಡಲ್ಲ, ಆರು ಸಂಘಗಳಿಗೆ ಅಧ್ಯಕ್ಷನಾದೆ. ಹಾರ ಹಾಕಿಸಿಕೊಂಡ ಕಡೆಯಲ್ಲೆಲ್ಲ ಭಾಷಣದ ನಡುವೆ ಈ ಕತೆ ಹೇಳಿ ಜನರನ್ನು ನಗಿಸಿದ್ದೇನೆ. ಬಾಬಣ್ಣನ ಕೊಡೆ, ಬೆಲ್ಲದ ತುಂಡು, ಪ್ರಾಧ್ಯಾಪಕರ ಪ್ರಶ್ನೆ, ಎಲ್ಲವೂ ಅದರಲ್ಲಿ ಇರುತ್ತದೆ. ಒಂದು ವಿಷಯವನ್ನು ಮಾತ್ರ ಮಾಷ್ಟ್ರು ಸಭೆಯಲ್ಲಿ ಹೇಳಿದ ಹಾಗೆಯೇ ಉಳಿಸಿಕೊಂಡು ಬಂದಿದ್ದೇನೆ. ಮನೆಯಲ್ಲಿಯೂ ಅಷ್ಟೆ.

ಮೊನ್ನೆ ಮೊಮ್ಮಗಳ ಮುಂದೆ ಮಾಷ್ಟ್ರ ಹೆಸರು ಎತ್ತಿದ ಕೂಡಲೇ ಅವಳು ಅರ್ಧದಲ್ಲೇ ತಡೆದಳು. "ಈ ಕತೆ ಗೊತ್ತುಂಟು ಅಜ್ಜ. ಪಟೇಲರ ಮನೆಯಲ್ಲಿ ಉಳಿಯಿರಿ ಅಂತ ಆ ಪಾಪದ ಮಾಷ್ಟ್ರೇ ಹೇಳಿದ್ದು, ಮತ್ತೆ ಮೈಸೂರಿನಲ್ಲಿ ನಿಮ್ಮ ಮರ್ಯಾದೆ ಹೋದದ್ದು. ಅಲ್ವಾ?"

"ಅಲ್ಲ" ಎಂದೆ. "ಅವರು ಶಾಲೆಯಲ್ಲಿ ಮಲಗಲು ಹೇಳಿದ್ದರು."