ಸ್ಕ್ರೂ ಮೇಲಿನ ಕೆಂಪು ಬೊಟ್ಟು

ಬರಗೂರಿನಲ್ಲಿ ಬಸ್ಸಿಳಿದು ನಾಲ್ಕು ಮನೆ ದಾಟಿದರೆ ಅಂಜಿನಮೂರ್ತಿಯ ಮನೆ. ಅದರ ಪಡಸಾಲೆಯೇ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವನ ಕಸುಬು. ಮೂರ್ತಿ ಕೈಯಿಂದ ಹೋದ ಮೋಟಾರು ವಾಪಸ್ಸು ಬರುವುದಿಲ್ಲ ಎಂದು ಕಳ್ಳಂಬೆಳ್ಳದವರೆಗೂ ಹೆಸರಿದೆ. ಆ ಹೆಸರಿಗಿಂತ ಒಂದು ಕೈ ಹೆಚ್ಚು ಅವನ ಅನುಮಾನ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ. ತಾನು ಕರೆದ ತಕ್ಷಣ ಯಾರಾದರೂ ಫೋನು ಎತ್ತಿದರೆ ಇವನಿಗೆ ನನ್ನಿಂದ ಏನೋ ಆಗಬೇಕಿದೆ ಅನ್ನುತ್ತಾನೆ. ಎತ್ತದಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಅನ್ನುತ್ತಾನೆ. ಇಂಥವನ ಜೊತೆ ಹದಿನಾರು ವರ್ಷ ಬಾಳಿದ ಗಂಗಾಲಕ್ಷ್ಮಿಗೆ ಯಾರಾದರೂ ಒಂದು ಸನ್ಮಾನ ಮಾಡಬೇಕು.

ಅಂಗಡಿ ಮೊದಲು ಪಾಲುದಾರಿಕೆಯಲ್ಲಿತ್ತು. ಪಾಲುದಾರ ಗಂಗಾಲಕ್ಷ್ಮಿಯ ಅಣ್ಣ ರಂಗರಾಜು. "ಮೂರ್ತಿ, ಈ ಸುತ್ತು ತಪ್ಪಾಯ್ತು ಕಣ್ಲಾ" ಎಂದು ಒಂದೇ ಒಂದು ದಿನ ಹೇಳಿದ್ದಕ್ಕೆ ಮೂರ್ತಿ ಅವನನ್ನು ಹೊರಗೆ ಹಾಕಿದ. ರಂಗರಾಜು ಶಿರಾದಲ್ಲಿ ಬೇರೆ ಅಂಗಡಿ ಇಟ್ಟ. ಅಂದಿನಿಂದ ಮೂರ್ತಿ ಬಿಗಿದ ಪ್ರತಿ ಸ್ಕ್ರೂವಿನ ತಲೆಗೂ ಕೆಂಪು ನೈಲ್‌ಪಾಲಿಷಿನ ಒಂದು ಬೊಟ್ಟು ಇಡುತ್ತಾನೆ. ಬೇರೆಯವರು ಬಿಚ್ಚಿದರೆ ಬೊಟ್ಟು ಒಡೆಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ ಎಂಬ ಲೆಕ್ಕ. ಬಾಟಲಿ ಇಷ್ಟು ಬೇಗ ಯಾಕೆ ಖಾಲಿಯಾಗುತ್ತದೆ ಎಂಬ ಅನುಮಾನವೂ ಬಂದಿತ್ತು. ಬಳೆ ಅಂಗಡಿಯವನು ಅರ್ಧ ತುಂಬಿಸಿದ್ದನ್ನು ಕೊಡುತ್ತಾನೆಂದು ತೀರ್ಮಾನಿಸಿ, ಅಂಗಡಿಯನ್ನೇ ಬದಲಿಸಿದ.

ಹೀಗಿರುವಾಗ ಒಂದು ಬುಧವಾರ ಶಿರಾದ ಬಟ್ಟೆ ಅಂಗಡಿ ಶಂಕರಲಿಂಗಪ್ಪನವರ ಮಗ ಗೌರೀಶ್ ಕಾರಿನಿಂದ ಒಂದು ಉದ್ದನೆಯ ಹಲಗೆ ಇಳಿಸಿದ. ಕೆಳಗೆ ನಾಲ್ಕು ಚಕ್ರ, ಹೊಟ್ಟೆಯಡಿ ಬ್ಯಾಟರಿ, ಹಿಂದಿನ ಒಂದು ಚಕ್ರಕ್ಕೆ ಪುಟ್ಟ ಮೋಟಾರು.

"ಲಾಂಗ್‌ಬೋರ್ಡ್ ಅಂತಾರೆ ಮೂರ್ತಣ್ಣ. ಮೇಲೆ ನಿಂತು ರಿಮೋಟ್ ಒತ್ತಿದ್ರೆ ಓಡುತ್ತೆ. ಈಗ ಎತ್ತಿ ಹಿಡಿದ್ರೆ ಚಕ್ರ ಚೆನ್ನಾಗಿ ತಿರುಗುತ್ತೆ, ಹತ್ತಿ ನಿಂತ್ರೆ ಗಡಗಡ ನಡುಗಿ ನಿಂತುಬಿಡುತ್ತೆ. ಭಾನುವಾರ ಬರ್ತೀನಿ. ಇಲ್ಲಿಂದಲೇ ಹತ್ಕೊಂಡು ಹೋಗ್ತೀನಿ."

ಕಾರು ಮರೆಯಾಗುವ ಮೊದಲೇ ಮೂರ್ತಿಯ ತಲೆಯಲ್ಲಿ ಹುಳ ಹೊಕ್ಕಿತು. ಶಿರಾದ ಅಷ್ಟು ಮೆಕ್ಯಾನಿಕ್‌ಗಳನ್ನು ಬಿಟ್ಟು ಇವನು ಇಲ್ಲಿಗೆ ಯಾಕೆ ಬಂದ? ಕಳಿಸಿದವನು ರಂಗರಾಜುವೇ. ರಿಪೇರಿಯಾಗದ ವಸ್ತು ಕೊಟ್ಟು ಹೆಸರು ಕೆಡಿಸುವ ಹುನ್ನಾರ.

ಮನೆಯೊಳಗೆ ಚಾಪೆ ಹಾಸಿ ಕೂತ. ಬ್ಯಾಟರಿಗೆ ಮೀಟರ್ ಹಿಡಿದ, ಸರಿಯಿತ್ತು. ರಿಮೋಟ್ ಸರಿಯಿತ್ತು. ಎಲ್ಲ ಸರಿಯಿದೆ ಅನ್ನುವುದೇ ಅವನಿಗೆ ದೊಡ್ಡ ಅನುಮಾನ. ಹಲಗೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಗುಂಡಿ ಒತ್ತಿದ. ಚಕ್ರ ಹಿಂದಕ್ಕೆ ತಿರುಗಿತು.

"ಹ್ಞಾ, ಸಿಕ್ಬಿಡ್ತು! ಉಲ್ಟಾ ತಿರುಗ್ತಾ ಅದೆ."

ನಮ್ಮ ಕಡೆ ಲೈನ್‌ಮನ್ ಟ್ರಾನ್ಸ್‌ಫಾರ್ಮರ್ ಮುಟ್ಟಿ ಹೋದ ಮರುದಿನ ಬೋರ್‌ವೆಲ್ ಮೋಟಾರು ಉಲ್ಟಾ ತಿರುಗುವುದು ಹೊಸದಲ್ಲ. ಮೂರು ವೈರಿನಲ್ಲಿ ಎರಡನ್ನು ಅದಲುಬದಲು ಮಾಡಿದರೆ ಮುಗಿಯಿತು. ಮೂರ್ತಿ ಇದನ್ನು ಸಾವಿರ ಸಲ ಮಾಡಿದ್ದಾನೆ. ಈ ಪುಟ್ಟ ಮೋಟಾರಿಗೂ ಮೂರು ದಪ್ಪ ವೈರು. ಯೋಚನೆಗೆ ಮೊದಲೇ ಕೈ ಎರಡನ್ನು ಬದಲಿಸಿತು. ಚಕ್ರ ಅವನ ಕಣ್ಣಿಗೆ ನೆಟ್ಟಗೆ ತಿರುಗಿತು. ನಡುಕಕ್ಕೂ ಇದೇ ಕಾರಣವಿರಬೇಕೆಂದು ಮುಚ್ಚಳ ಹಾಕಿ, ಆರು ಸ್ಕ್ರೂಗೂ ಬೊಟ್ಟು ಇಟ್ಟ. ಹತ್ತಿ ನೋಡಲಿಲ್ಲ. ಬಿದ್ದು ಸೊಂಟ ಮುರಿದುಕೊಂಡರೆ ರಂಗರಾಜುವಿಗೆ ಹಬ್ಬವಲ್ಲವೇ!

ಶನಿವಾರ ಕಳ್ಳಂಬೆಳ್ಳದಲ್ಲಿ ಬೋರ್‌ವೆಲ್ಲಿನಿಂದ ಮೋಟಾರು ಎತ್ತುವ ಕೆಲಸವಿತ್ತು. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಹಲಗೆ ತಿರುಗಿಸಿ ನೋಡಿದ. ಆರೂ ಬೊಟ್ಟು ಒಡೆದಿದ್ದವು.

"ಗಂಗಾ! ಯಾರು ಬಂದಿದ್ರು?"

"ಯಾರೂ ಬಂದಿಲ್ಲ" ಎಂದಳು ಒಲೆಯ ಮುಂದಿದ್ದ ಗಂಗಾಲಕ್ಷ್ಮಿ.

"ಸುಳ್ಳೇಳ್ಬ್ಯಾಡ ಕಣೆ. ನಿಮ್ಮಣ್ಣ ಬಂದು ಬಿಚ್ಚವ್ನೆ. ಅಣ್ಣ ತಂಗಿ ಸೇರ್ಕಂಡು ನನ್ ಮರ್ಯಾದೆ ಕಳೀತಾ ಇದೀರಾ?"

ಗಂಗಾಲಕ್ಷ್ಮಿ ಎದ್ದುಬಂದು ಸೀರೆಯನ್ನು ಗೇಣು ಮೇಲೆತ್ತಿದಳು. ಮೊಣಕಾಲ ಕೆಳಗೆ ಮೂಳೆಯ ಮೇಲೆ ನೀಲಿಗಟ್ಟಿತ್ತು.

"ಬಿಚ್ಚಿದ್ದು ನಾನು. ನೆಲಕ್ಕಿಟ್ಟು, ಮ್ಯಾಲೆ ಅಕ್ಕಿ ಚೀಲ ಹೊರಿಸಿ ಗುಂಡಿ ಒತ್ತಿದೆ. ಮುಂದಕ್ಕೋಗೋದು ಬುಟ್ಟು ಗಡಗಡ ನಡುಗ್ತಾ ಹಿಂದಕ್ಕೆ ಜಿಗಿದು ಕಾಲಿಗೆ ಬಡೀತು. ಬೋರಲಾಕ್ಕಂಡು ನೋಡಿದ್ರೆ ಯಾವ ಚಕ್ರಾನೂ ಉಲ್ಟಾ ತಿರುಗಿದಂಗೇ ಕಾಣ್ತದೆ. ಮೊದಲು ಸರಿಯಾಗೇ ಇತ್ತು. ನೀವು ಕೆಡಿಸಿದ್ರಿ."

ಮೂರ್ತಿ ಅವಳ ಕಾಲನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿದ.

"ವೈರು ಮೊದಲಿದ್ದಂಗೆ ಹಾಕ್ದೆ. ಆದ್ರೂ ನಡುಕ ನಿಲ್ಲಲಿಲ್ಲ. ದಪ್ಪ ವೈರಿನ ಜೊತೆ ಐದು ಸಣ್ಣವು ಅವೆಯಲ್ಲ, ಅದ್ರಾಗೆ ಒಂದು ಚಕ್ರದ ಹತ್ರ ಒಳಗೊಳಗೇ ತುಂಡಾಗಿತ್ತು. ಉಗುರಲ್ಲಿ ಒತ್ತಿ ನೋಡಿದ್ಮ್ಯಾಲೆ ಸಿಕ್ತು. ಬೆಸೆದಿದೀನಿ. ಈಗ ಚೀಲ ಹೊತ್ಕಂಡು ನೆಟ್ಟಗೆ ಓಡ್ತದೆ."

"ಬೊಟ್ಟು ಒಡೆದ್ರೆ ನಂಗೆ ಗೊತ್ತಾಗ್ತದೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅದ್ಕೇ ಈ ಸಲ ಮತ್ತೆ ಇಡ್ಲಿಲ್ಲ."

ಈ ಸಲ ಅಂದರೇನು? ಮೂರ್ತಿ ಗೋಡೆಗೊರಗಿ ಕೂತುಬಿಟ್ಟ. ಗಂಗಾಲಕ್ಷ್ಮಿ ನಿಂತೇ ಹೇಳಿದಳು. ರಂಗರಾಜು ಹೋದ ಮೇಲೆ ಗಂಡ ಮುಚ್ಚಿದ ಮೋಟಾರುಗಳನ್ನು, ಅವನು ಸಾಮಾನು ತರಲು ಶಿರಾಕ್ಕೆ ಹೋದಾಗಲೆಲ್ಲ ಅವಳು ಬಿಚ್ಚಿ ನೋಡುತ್ತಿದ್ದಳು. ಪಡಸಾಲೆಯಲ್ಲಿ ಅಣ್ಣನೂ ಗಂಡನೂ ಮಾಡುತ್ತಿದ್ದುದನ್ನು ನೋಡಿ ನೋಡಿಯೇ ಕಲಿತಿದ್ದಳು. ಸುತ್ತು ತಪ್ಪಿದ್ದರೆ ಸರಿಮಾಡಿ, ಸ್ಕ್ರೂ ಬಿಗಿದು, ಅದೇ ಬಾಟಲಿಯಿಂದ ಅದೇ ಜಾಗಕ್ಕೆ ಬೊಟ್ಟು ಇಡುತ್ತಿದ್ದಳು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ ನಮ್ಮಣ್ಣನ ಗತಿ ನೋಡಿದ್ನಲ್ಲ! ನನ್ನೂ ಹೊರಕ್ಕಾಕಿದ್ರೆ ಎಲ್ಲಿಗೋಗ್ಲಿ?" ಅವಳು ಹಲಗೆಯತ್ತ ಕೈ ತೋರಿದಳು. "ಮೋಟಾರು ಕೆಟ್ರೆ ನೀರು ಬರಲ್ಲ, ಅಷ್ಟೆ. ಇದ್ರ ಮ್ಯಾಲೆ ಮನುಷ್ಯ ನಿಂತ್ಕತಾನೆ. ನಾಳೆ ಇನ್ನೊಂದು ಇಂಥದ್ದೇ ಬಂದು, ನಾನು ನೋಡೋಕಾಗ್ದೆ ಹೋದ್ರೆ? ಯಾರ್ದೋ ಮಗ ತಲೆ ಒಡ್ಕಂತಾನೆ. ಇನ್ನು ಮುಚ್ಚಿಡೋಕೆ ನನ್ ಕೈಲಾಗಲ್ಲ."

ಮೂರ್ತಿ ನಂಬಲಿಲ್ಲ. ನಂಬಿದ್ದರೆ ಅವನು ಮೂರ್ತಿಯೇ ಅಲ್ಲ. ಹಲಗೆಯನ್ನು ಮತ್ತೆ ಬಿಚ್ಚಿ, ಟಾರ್ಚ್ ಬಿಟ್ಟು ಸಣ್ಣ ವೈರನ್ನು ಹುಡುಕಿದ. ಬೆಸುಗೆ ಸಾಸಿವೆ ಕಾಳಿನಷ್ಟು, ನುಣ್ಣಗೆ, ಹೊಳೆಯುತ್ತಿತ್ತು. ಹಳೆಯ ಮೋಟಾರುಗಳನ್ನು ಬಿಚ್ಚಿದಾಗ ಇಂಥದೇ ಬೆಸುಗೆ ಎಷ್ಟೋ ಸಲ ಕಂಡು, ನೋಡ್ರಪ್ಪ ನನ್ನ ಕೈಕೆಲಸ ಎಂದು ರೈತರಿಗೆ ತೋರಿಸಿ ಮೆರೆದಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ, ತನ್ನ ಹೆಂಡತಿ ತನಗೇ ಹೆದರಿಕೊಂಡು ಬದುಕಿದ್ದಾಳೆ ಎಂಬುದು ಎದೆಗೆ ಚುಚ್ಚಿತು. ಆ ಹೊತ್ತಿಗೆ ಅವಳ ಮುಖ ನೋಡುವ ಧೈರ್ಯವೂ ಅವನಿಗಿರಲಿಲ್ಲ. ಆರೂ ಸ್ಕ್ರೂ ಮತ್ತೆ ಬಿಗಿದ.

ಭಾನುವಾರ ಗೌರೀಶ್ ಬಂದ. ಹಲಗೆಯನ್ನು ರಸ್ತೆಗಿಟ್ಟು ಒಂದು ಕಾಲು ಮೇಲಿಟ್ಟ. ಎದುರು ಮನೆಯ ಪಾಪಕ್ಕ ಸೊಪ್ಪು ಬಿಡಿಸುವುದನ್ನು ಬಿಟ್ಟು ನೋಡತೊಡಗಿದಳು.

"ತಡೀರಿ ಸಾವ್ಕಾರ್ರೇ!" ಮೂರ್ತಿ ಓಡಿಬಂದು ಅವನ ತೋಳು ಹಿಡಿದ.

"ಯಾಕೆ ಮೂರ್ತಣ್ಣ, ಯಾರಾದ್ರೂ ಬಿಚ್ಚಿದಾರಾ? ಮತ್ತೆ ಯಾರ ಮೇಲೆ ಅನುಮಾನ?" ಗೌರೀಶ್ ನಕ್ಕ. ಶಿರಾದವರೆಗೂ ಗೊತ್ತಿದ್ದ ಗುಣವದು.

ಮೂರ್ತಿ ನಗಲಿಲ್ಲ. ಗೌರೀಶ್‌ಗೂ ಪಾಪಕ್ಕನಿಗೂ ಒಳಗಿದ್ದವಳಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ.

"ಕೊನೇಗೆ ಮುಚ್ಚಿದೋನು ನಾನೇ. ನನ್ ಕೈ ಮ್ಯಾಲೇ ಅನುಮಾನ. ನಮ್ಮ ಗಂಗಾ ಬಂದು ಒಂದ್ಸಲ ನೋಡ್ಲಿ, ಆಮ್ಯಾಕೆ ಹತ್ತೀರಂತೆ."